ಬಾಗಿಲಿಗೆ ಕೊಟ್ಟ ಕಲ್ಲು

ಅದೊಂದು ಬಿಟ್ಟು ಬೇರೆ ಏನು ಬೇಕಾದ್ರೂ ಕೇಳಿ ಡಾಕ್ಟ್ರಮ್ಮ, ಇಲ್ಲ ಅನ್ನೋಲ್ಲ. ಈ ಸುತ್ತಿಗೆ ತಗೊಂಡು ಹೋಗಿ. ಮೂವತ್ತೆರಡು ವರ್ಷದಿಂದ ಇದೇ ಸುತ್ತಿಗೆ ನನ್ನ ಕೈಯಲ್ಲಿ. ಹಿಡಿ ನಾಲ್ಕು ಸಲ ಬದಲಾಯಿಸಿದೆ, ತಲೆ ಎರಡು ಸಲ... ಯಾಕೆ ನಗ್ತೀರಿ? ಸುತ್ತಿಗೆ ಅದೇ ಅಲ್ವಾ? ಬೇಡ್ವಾ? ಹಾಗಾದ್ರೆ ಈ ಜರಡಿ? ಹಿತ್ತಾಳೆ ಚೌಕಟ್ಟು, ಉಜ್ಜಿದ್ರೆ ಬಂಗಾರದ ಹಾಗೆ ಹೊಳೆಯುತ್ತೆ. ಹಡಗಿನಲ್ಲಿ ನಿಮ್ಮ ಕೋಣೆ ಗೋಡೆಗೆ ನೇತು ಹಾಕ್ಕೊಳ್ಳಿ. ಯಾರಾದ್ರೂ ಕೇಳಿದ್ರೆ, ಇದು ನಮ್ಮ ಪುಡಿ ಮಾಮನ ಜರಡಿ, ಪಾಪ, ಜೀವಮಾನ ಪೂರ್ತಿ ಲ್ಯಾಬಿನಲ್ಲಿ ಕಲ್ಲು ಪುಡಿ ಮಾಡಿ, ನಾನು ಹಡಗು ಹತ್ತೋ ಹಿಂದಿನ ದಿನ ರಿಟೈರ್ ಆದ್ರು ಅಂತ ಹೇಳ್ಕೊಳ್ಳಿ. ಕಲ್ಲು ಯಾಕೆ? ಅದರಲ್ಲೂ ಬಾಗಿಲಿಗೆ ಕೊಟ್ಟ ಕಲ್ಲು ಯಾಕೆ?

ಗೊತ್ತು, ಗೊತ್ತು. ನೀವು ಇಲ್ಲಿಗೆ ಬಂದ ಮೊದಲನೇ ದಿನ ಎಡವಿದ್ದು ಅದನ್ನೇ. ಹೆಬ್ಬೆರಳಿನ ಉಗುರು ಎದ್ದು ಬಂದಿತ್ತು. ಒಂಬತ್ತು ವರ್ಷ ಆಯ್ತಾ? ಆಗಿನ್ನೂ ಓದೋ ಹುಡುಗಿ, ನಾನು ಬಾ ಹೋಗು ಅಂತಲೇ ಮಾತಾಡಿಸ್ತಿದ್ದೆ. ಕಾಲು ತೊಳೆದು, ಬಟ್ಟೆ ಸುತ್ತಿ, ಟೀ ಕೊಟ್ಟು ಈ ಸ್ಟೂಲಿನ ಮೇಲೇ ಕೂರಿಸಿದೆ. ಅಳ್ತಾ ಅಳ್ತಾ ನೀವು ಕೇಳಿದ್ದೇನು, ಜ್ಞಾಪಕ ಇದೆಯಾ? 'ಇದು ಯಾವ ಕಲ್ಲು?' ಅಂತ. ಕಾಲಿನ ಉಗುರು ಹೋದ್ರೂ ಕಲ್ಲಿನ ಜಾತಿ ಕೇಳೋ ಹುಡುಗಿ ಮುಂದೆ ಬರ್ತಾಳೆ ಅಂತ ಅವತ್ತೇ ನಮ್ಮ ಮನೆಯವಳಿಗೆ ಹೇಳಿದ್ದೆ. ನಿಮಗೆ ಡಾಕ್ಟರೇಟ್ ಬಂದ ದಿನದಿಂದ ನಾನು ಬಹುವಚನ ಶುರು ಮಾಡಿದೆ. ನಮ್ಮ ಮನೆಯವಳಂತೂ ಇವತ್ತಿಗೂ ನೀವು ಸಿಕ್ಕಿದ್ರೆ ಮಂಡಿ ನೋವಿಗೆ ಮಾತ್ರೆ ಕೇಳ್ತಾಳೆ. ಅಯ್ಯೋ, ಅವರು ಕಲ್ಲಿನ ಡಾಕ್ಟ್ರು ಕಣೇ ಅಂದ್ರೆ, ಕಿಡ್ನಿ ಕಲ್ಲಾ ಅಂತಾಳೆ.

ಈ ಕಡೆ ಬಂದು ಕೂತ್ಕೊಳ್ಳಿ, ಬಾಗಿಲ ಹತ್ರ ಗಾಳಿ. ಸ್ಟೂಲ್ ಒರೆಸಿದ್ದೀನಿ. ಈ ಕೋಣೆಯಲ್ಲಿ ಒರೆಸಿದ್ದಕ್ಕೂ ಒರೆಸದೇ ಇದ್ದಿದ್ದಕ್ಕೂ ಏನೂ ವ್ಯತ್ಯಾಸ ಇಲ್ಲ ಅನ್ನೋದು ಬೇರೆ ಮಾತು.

ಅದೇನು ಕೈಯಲ್ಲಿ ಕಾಗದ? ನಾಲ್ಕು ಗಂಟೆಗೆ ನನ್ನ ಬೀಳ್ಕೊಡುಗೆಯಲ್ಲಿ ಓದೋದಾ? ಡೈರೆಕ್ಟರು ಓದ್ತಾರೆ, ಬರೆದವರು ನೀವು. ಹಾಗಾದ್ರೆ ನನ್ನ ಮುಂದೆ ಒಂದು ಸಲ ಓದಿಬಿಡಿ, ಆಮೇಲೆ ಎಲ್ಲರ ಮುಂದೆ ಕಣ್ಣೀರು ಬರೋದು ಬೇಡ... ಹ್ಞೂಂ... ಹ್ಞೂಂ... ಚೆನ್ನಾಗಿದೆ... ಏನು, ಇನ್ನೊಂದು ಸಲ? 'ಮೂವತ್ತೆರಡು ವರ್ಷ, ಹನ್ನೊಂದು ಸಾವಿರ ಕಲ್ಲು, ಒಂದೇ ಒಂದು ತಪ್ಪಿಲ್ಲ.' ...ಅದು ಸ್ವಲ್ಪ ಜಾಸ್ತಿ ಆಯ್ತು ಡಾಕ್ಟ್ರಮ್ಮ. 'ಹೆಚ್ಚು ತಪ್ಪಿಲ್ಲ' ಅಂತ ಮಾಡಿ. ಅಲ್ಲ ಅಲ್ಲ, ವಿನಯ ಎಲ್ಲ ಏನಿಲ್ಲ, ನನಗೆಲ್ಲಿಯ ವಿನಯ. ಮನುಷ್ಯ ಅಂದ ಮೇಲೆ ಏನೋ ಒಂದು ಇರುತ್ತೆ. ಕಾಗೆ ಕೂತ್ರೂ ಟೊಂಗೆ ಮುರೀಬಹುದು. ಹೋಗ್ಲಿ ಬಿಡಿ, ನಿಮ್ಮ ಇಷ್ಟ.

ಮುಂದೆ ಬರೆದಿದ್ದೀರಲ್ಲ, ಅದು ನಿಜ, ಆ ನಿಯಮ ಮಾಡಿದ್ದು ನಾನೇ. ಓದು-ಹೇಳು. ನನಗಿಂತ ಮುಂಚೆ ಇಲ್ಲಿ ಇದ್ದವರಿಗೆ ಅದೆಲ್ಲ ಇರಲಿಲ್ಲ, ಬಂದ ಕಲ್ಲನ್ನ ಮಶೀನಿನ ಬಾಯಿಗೆ ಹಾಕು, ಪುಡಿ ಮಾಡು, ಸೀಸೆಗೆ ತುಂಬು. ನಾನು ಹೇಳಿದೆ, ಕಲ್ಲು ಕಲ್ಲಾಗಿರೋವರೆಗೂ ಮುಖ ನೋಡಿ ಗುರುತು ಹಿಡೀಬಹುದು, ಪುಡಿ ಆದ ಮೇಲೆ ಎಲ್ಲಾ ಒಂದೇ ಬೂದಿ, ಸೀಸೆ ಮೇಲಿನ ಚೀಟಿ ಏನು ಹೇಳುತ್ತೋ ಅದೇ ಸತ್ಯ. ಅದಕ್ಕೇ ಪ್ರತಿ ಕಲ್ಲಿಗೂ ಬಿಳಿ ಬಣ್ಣದ ಚುಕ್ಕೆ, ಅದರ ಮೇಲೆ ಕಪ್ಪು ಶಾಯಿಯಲ್ಲಿ ನಂಬರ್. ಒಬ್ಬರು ಓದಬೇಕು, ಇನ್ನೊಬ್ಬರು ತಿರುಗಿ ಹೇಳಬೇಕು, ರಿಜಿಸ್ಟರಿನಲ್ಲಿ ಎರಡು ಟಿಕ್. ಆಮೇಲೆ ಆ ಬಣ್ಣದ ಭಾಗ ಕೊಯ್ದು ಎಸೀಬೇಕು, ಯಾಕಂದ್ರೆ ಬಣ್ಣದಲ್ಲಿರೋ ಹಾಳು ಮೂಳು ಕಲ್ಲಿನ ಲೆಕ್ಕ ಕೆಡಿಸುತ್ತೆ. ಒಂದು ಕಲ್ಲಿಗೂ ಇನ್ನೊಂದಕ್ಕೂ ಮಧ್ಯೆ ಮಶೀನಿಗೆ ಶುದ್ಧ ಮರಳು ಹಾಕಿ ಬಾಯಿ ಮುಕ್ಕಳಿಸಬೇಕು. ನನ್ನ ಮಶೀನಿನಷ್ಟು ಶುದ್ಧವಾದ ಬಾಯಿ ಈ ಕಟ್ಟಡದಲ್ಲಿ ಇನ್ನೊಂದಿಲ್ಲ, ಡೈರೆಕ್ಟರನ್ನೂ ಸೇರಿಸಿ ಹೇಳ್ತಾ ಇದೀನಿ.

ಕನ್ನಡಕ? ಅದು ಹೊರಗೆ ಮೊಳೆಗೆ ನೇತು ಹಾಕಿದ್ದೀನಿ. ಧೂಳಿನ ಗಾಗಲ್ಸ್ ಕೆಳಗೆ ಕನ್ನಡಕ ಕೂರಲ್ಲ, ಅದು ಹಳೇ ಜಗಳ. ಇಲ್ಲದಿದ್ರೆ ಏನು, ಕೆಲಸ ಕೈಗೆ ಗೊತ್ತು, ಕಣ್ಣು ಇರೋದು ಅಲಂಕಾರಕ್ಕೆ... ಅಂತ ಹೇಳ್ಕೊಂಡು ತಿರುಗ್ತಿದ್ದೆ. ಈಗ ಹೇಳಲ್ಲ.

ಅಂದ ಹಾಗೆ, ಮೊನ್ನೆ ಒಂದು ತಮಾಷೆ ಆಯ್ತು, ಕೇಳಿ. ನಮ್ಮ ಮನೆಯವಳು ನಿಮ್ಮ ವಿಷಯ ತೆಗೆದ್ಲು. ಆ ಹುಡುಗಿ ಕಲ್ಲು ಹುಡುಕೋಕೆ ಕಡಲಿಗೆ ಯಾಕೆ ಹೋಗ್ತಾಳೆ, ನೆಲದ ಮೇಲಿನ ಕಲ್ಲೆಲ್ಲ ಮುಗೀತಾ ಅಂತ. ನಾವು ಆಗ ಅಂಗಡಿಯಲ್ಲಿ, ಬಿಲ್ಲು ಹಾಕೋ ಕಡೆ ನಿಂತಿದ್ವಿ. ಸಾಮಾನು ಇಟ್ಟರೆ ತಾನೇ ಮುಂದಕ್ಕೆ ಹೋಗುತ್ತಲ್ಲ, ಆ ಕಪ್ಪು ರಬ್ಬರ್ ಪಟ್ಟಿ, ಅದನ್ನೇ ತೋರಿಸಿದೆ. ನೋಡೇ, ಕಡಲಿನ ತಳ ಅಂದ್ರೆ ಇದೇ. ನಿಂತ ಹಾಗೆ ಕಾಣುತ್ತೆ, ನಿಂತಿರಲ್ಲ. ವರ್ಷಕ್ಕೆ ಉಗುರು ಬೆಳೆಯೋವಷ್ಟು ಸರಿಯುತ್ತೆ. ಸರಿದು ಸರಿದು ಒಂದು ಅಂಚಿಗೆ ಬಂದು, ಅಲ್ಲಿಂದ ಭೂಮಿ ಒಳಕ್ಕೆ ನುಗ್ಗುತ್ತೆ. ಬರಿಗೈಲಿ ಹೋಗಲ್ಲ, ತನ್ನ ಮೇಲೆ ಕೂತಿರೋ ಕೆಸರನ್ನೂ ಎಳ್ಕೊಂಡು ಹೋಗುತ್ತೆ. ಹೊಳೆ ತಂದ ಮಣ್ಣು, ಗಾಳಿ ತಂದ ಧೂಳು, ಕಣ್ಣಿಗೆ ಕಾಣದ ಜೀವಿಗಳ ಚಿಪ್ಪು, ಕೋಟಿಗಟ್ಟಲೆ ವರ್ಷದ ಕಸ ಅದು.

ಬಿಲ್ಲು ಹಾಕೋ ಹುಡುಗಿ ಕೈ ನಿಲ್ಲಿಸಿ ಕೇಳಿಸ್ಕೊಳ್ತಿದ್ಲು, ಅವಳಿಗೂ ಸ್ವಾರಸ್ಯ. ಹಿಂದೆ ನಿಂತವರಿಗೆ ಮಾತ್ರ ಇಲ್ಲ. ನಾನು ಬಿಡ್ತೀನಾ? ನೂರು ಕಿಲೋಮೀಟರ್ ಕೆಳಗೆ ಹೋದ ಮೇಲೆ ಅಲ್ಲಿನ ಬಿಸಿಗೆ, ಒತ್ತಡಕ್ಕೆ, ಕೆಸರು ನೀರು ಬಿಡುತ್ತೆ, ತಾನೂ ಒಂದಿಷ್ಟು ಕರಗುತ್ತೆ. ಆ ರಸ ಮೇಲಕ್ಕೆ ಏರಿ, ಮೇಲಿರೋ ಬಿಸಿ ಕಲ್ಲಿಗೆ ಸೇರ್ಕೊಂಡ್ರೆ, ಅಲ್ಲೀವರೆಗೂ ಗಟ್ಟಿಯಾಗಿ ಕೂತಿದ್ದ ಕಲ್ಲೂ ಕರಗೋಕೆ ಶುರು. ಅದೇ ಏರಿ ಬಂದು ಬಾಯಿ ಬಿಟ್ಟರೆ ಜ್ವಾಲಾಮುಖಿ. ಆ ಉಕ್ಕಿದ ಕಲ್ಲನ್ನ ಪುಡಿ ಮಾಡಿ ನೋಡಿದ್ರೆ ಕೆಸರಿನ ರುಚಿ ಹಾಗೇ ಇರುತ್ತೆ. ಬೇರಿಯಂ ಜಾಸ್ತಿ, ಥೋರಿಯಂ ಜಾಸ್ತಿ, ಸೀಸ ಕೂಡ ಕೆಸರಿನ ಜಾತಿದೇ. ಇನ್ನು ಆ ಬೆರಿಲಿಯಂ ಕಥೆ... ನೀವೇ ಹೇಳಿಕೊಟ್ಟಿದ್ದು, ನಾನು ನನ್ನದೇ ಅನ್ನೋ ಹಾಗೆ ಹೇಳಿಬಿಟ್ಟೆ. ಆಕಾಶದಲ್ಲಿ ಹುಟ್ಟೋ ಒಂದು ಜಾತಿ ಬೆರಿಲಿಯಂ, ಮಳೆ ಜೊತೆ ಬಿದ್ದು, ಕಡಲ ತಳದ ಕೆಸರಿಗೆ ಸೇರಿ, ಭೂಮಿ ಹೊಟ್ಟೆ ಹೊಕ್ಕು, ಹತ್ತಾರು ಲಕ್ಷ ವರ್ಷ ಆದ ಮೇಲೆ ಬೆಂಕಿ ಜೊತೆ ಎದ್ದು ಬರುತ್ತೆ. ಭೂಮಿಯೊಳಗೆ ಅದು ಹುಟ್ಟೋ ಹಾಗೇ ಇಲ್ಲ. ಅದು ಸಿಕ್ತು ಅಂದ್ರೆ, ಕೆಸರು ಒಳಗೆ ಹೋಗಿ ಬಂದಿದೆ ಅಂತಲೇ.

ನಮ್ಮ ಮನೆಯವಳು ಏನಂದ್ಲು ಗೊತ್ತಾ? 'ಅಂದ್ರೆ ಯಾರೂ ನೋಡಲ್ಲ ಅಂತ ಕಸ ಗುಡಿಸಿ ಚಾಪೆ ಕೆಳಗೆ ತಳ್ಳಿದ್ರೆ, ಅದು ಅಡುಗೆಮನೆ ಒಲೆಯಲ್ಲಿ ಬರುತ್ತೆ ಅನ್ನಿ.' ಇಡೀ ಸಾಲು ನಕ್ಕಿತು. ನಾನೂ ನಕ್ಕೆ. ಅವತ್ತು ರಾತ್ರಿ ಮಾತ್ರ ಯಾಕೋ ಊಟ ಸೇರಲಿಲ್ಲ.

ಏನಿಲ್ಲ, ಅಜೀರ್ಣ.

ಆಮೇಲೆ ನಿಮ್ಮ ಹದಿನಾಲ್ಕರ ಕಥೆನೂ ಹೇಳಿದೆ. ದ್ವೀಪಗಳ ಒಂದು ಸಾಲು, ಹದಿನಾಲ್ಕು ಜ್ವಾಲಾಮುಖಿ, ಒಂದೊಂದರಿಂದಲೂ ನೀವು ಐದೈದು ಆರಾರು ಕಲ್ಲು ತಂದಿದ್ದು. ಹದಿನಾಲ್ಕನೇದರಿಂದ ಮಾತ್ರ ಒಂದೇ ಒಂದು. ಅಲೆ ಜೋರಿತ್ತು, ದೋಣಿಯವನು ಹತ್ತಿ ಹತ್ತಿ ಅಂತ ಕೂಗ್ತಿದ್ದ, ಕೈಗೆ ಸಿಕ್ಕಿದ್ದನ್ನ ಎದೆಗೆ ಅವುಚಿಕೊಂಡು ಹಾರಿದ್ರಿ. ಮೊಣಕೈ ತರಚಿತ್ತು. ಕಲ್ಲಿಗೂ ನಿಮ್ಮ ಮೈಗೂ ಅದೇನು ಹಗೆತನವೋ. ಮಿಕ್ಕ ಹದಿಮೂರರಲ್ಲೂ ಕೆಸರು ಸಿಕ್ತು. ಹದಿನಾಲ್ಕರಲ್ಲಿ ಸೊನ್ನೆ. ಬೇರಿಯಂ ಇಲ್ಲ, ಆಕಾಶದ ಬೆರಿಲಿಯಂ ಇಲ್ಲ, ಏನೂ ಇಲ್ಲ. ನೀವು ಒಂದು ವಾರ ನಿದ್ದೆ ಮಾಡಲಿಲ್ಲ. ಆಮೇಲೆ ಹೇಳಿದ್ರಿ, ಅಲ್ಲಿ ಕೆಸರು ಒಳಗೇ ಹೋಗ್ತಿಲ್ಲ, ಅಂಚಿನಲ್ಲೇ ಕೆರೆದು ಗುಡ್ಡೆ ಬಿದ್ದಿದೆ ಅಂತ. ಅಂಗಡಿ ಪಟ್ಟಿಯಲ್ಲಿ ಚೆಲ್ಲಿದ ಹಿಟ್ಟು ಒಳಗೆ ಹೋಗುತ್ತೆ, ಸೋಪಿನ ಪೊಟ್ಟಣ ಅಂಚಿಗೆ ಸಿಕ್ಕಿ ನಿಲ್ಲುತ್ತಲ್ಲ, ಹಾಗೆ. ಆ ಗುಡ್ಡೆ ಇದೆಯಾ ಅಂತ ಕಡಲಿನ ತಳ ಕೊರೆದು ನೋಡೋಕೆ ಹಡಗು. ನಲವತ್ತು ಜನ, ಎರಡು ತಿಂಗಳು, ಮುಂದಾಳು ನಮ್ಮ ಡಾಕ್ಟ್ರಮ್ಮ. ಬಿಲ್ಲು ಹಾಕೋ ಹುಡುಗಿ, ಅಂಕಲ್ ಅವರಿಗೆ ನನ್ನ ಕಡೆಯಿಂದ ಆಲ್ ದಿ ಬೆಸ್ಟ್ ಹೇಳಿ ಅಂದ್ಲು. ಹೇಳಿದೀನಿ, ತಗೊಳ್ಳಿ.

ಮತ್ತೆ ಕಲ್ಲಿನ ಹತ್ರವೇ ಹೋದ್ರಾ? ಡಾಕ್ಟ್ರಮ್ಮ, ಹಡಗಿಗೆ ತಗೊಂಡು ಹೋಗೋಕೆ ಅದು ಭಾರ. ನಲವತ್ತು ಜನರ ಲಗೇಜಿನ ಮೇಲೆ ನಾಲ್ಕು ಕಿಲೋ ಕಲ್ಲು, ಅದೂ ಕಲ್ಲು ತರೋಕೆ ಹೊರಟ ಹಡಗಿಗೆ! ಇಲ್ಲಿಂದ ತೆಗೆದ್ರೆ ಬಾಗಿಲು ಮುಚ್ಕೊಳ್ಳುತ್ತೆ, ಸ್ಪ್ರಿಂಗ್ ಬಾಗಿಲು. ನಾಳೆಯಿಂದ ಬರೋ ಹೊಸಬನಿಗೆ ಏನಾದ್ರೂ ಒಂದು ಆಸ್ತಿ ಬಿಟ್ಟು ಹೋಗ್ಬೇಕಲ್ಲ.

ಬಿಳಿ ಪಟ್ಟೆನಾ? ಯಾವ ಬಿಳಿ ಪಟ್ಟೆ? ...ಓ, ಅದು. ಹೌದು, ಬಾಗಿಲಿಗೆ ಬಣ್ಣ ಹೊಡೆಯೋನು ಮೈಮರೆತು ಕಲ್ಲಿಗೂ ಒಂದು ಪಟ್ಟೆ ಎಳೆದು ಹೋಗಿದ್ದ. ನಿಮಗೆ ಅದೆಲ್ಲ ಜ್ಞಾಪಕ ಇರುತ್ತೆ ನೋಡಿ. ಉಗುರು ಹೋದವರಿಗೆ ಮರೆಯುತ್ತಾ. ಹೋಗಿರುತ್ತೆ. ಸವೆದಿರುತ್ತೆ. ಎಷ್ಟು ಜನರ ಕಾಲು ತಾಗಿದೆ.

ಮುಟ್ಟಬೇಡಿ, ಕೈ ಕೊಳೆ ಆಗುತ್ತೆ ಅಂತ... ನೋಡಿ, ಆಯ್ತು. ಬೆರಳೆಲ್ಲ ಕಪ್ಪು. ಹೇಳಿದೆ ತಾನೇ. ಏನಿಲ್ಲ, ಮಶೀನಿನ ಗ್ರೀಸ್ ಇರಬೇಕು. ಮೂಸಿ ನೋಡ್ತಾ ಇದೀರಾ? ಅಯ್ಯೋ, ಡಾಕ್ಟ್ರಮ್ಮ... ಹ್ಞಾಂ. ಬೂಟ್ ಪಾಲಿಶ್. ಇವತ್ತು ಎಲ್ಲರೂ ಬರ್ತಾರೆ, ಕೋಣೆ ಲಕ್ಷಣವಾಗಿರಲಿ ಅಂತ ನಾನೇ ಸ್ವಲ್ಪ ಹೊಳಪು ಕೊಟ್ಟೆ. ಯಾಕೆ, ಕಲ್ಲಿಗೆ ಪಾಲಿಶ್ ಹಚ್ಚಬಾರದು ಅಂತ ಕಾನೂನು ಇದೆಯಾ? ಮದುವೆ ಮನೆಯಲ್ಲಿ ಕಂಬಕ್ಕೂ ಬಟ್ಟೆ ಸುತ್ತಲ್ವಾ?

ಲೆನ್ಸ್ ಯಾಕೆ ತೆಗೀತೀರಿ? ಅದನ್ನ ಕತ್ತಿಗೆ ನೇತು ಹಾಕ್ಕೊಂಡೇ ತಿರುಗ್ತೀರಾ, ರಜಾ ದಿನದಲ್ಲೂ? ಬಾಗಿಲ ಕಲ್ಲಿಗೆ ಲೆನ್ಸ್ ಹಿಡಿಯೋರನ್ನ ಇದೇ ಮೊದಲು ನೋಡಿದ್ದು. ಏನಿದೆ ಅದರಲ್ಲಿ, ಕಪ್ಪು ಕಲ್ಲು. ರಸ್ತೆ ಕೊರೆಯೋ ಕಡೆಯಿಂದ ನಮ್ಮ ಹಳೇ ಡ್ರೈವರು ತಂದು ಹಾಕಿದ್ದು, ಇಪ್ಪತ್ತು ವರ್ಷದ ಹಿಂದೆ. ನೀವೇ ಹೇಳಿದ್ರಿ, ಇದರಲ್ಲಿ ಏನೂ ವಿಶೇಷ ಇಲ್ಲ ಪುಡಿ ಮಾಮ, ಮುದುಕ ಕಲ್ಲು, ಹರಳೂ ಇಲ್ಲ ಗುಳ್ಳೆನೂ ಇಲ್ಲ ಅಂತ.

ಹರಳು ಇದೆಯಾ? ಬಿಳೀದಾ?

...ಪಾಲಿಶ್ ಅಡಿಯಲ್ಲೂ ಕಾಣುತ್ತಾ?

ಇರಬಹುದು. ಕಲ್ಲು ಅಂದ್ರೆ ಏನಾದ್ರೂ ಒಂದು ಇದ್ದೇ ಇರುತ್ತೆ. ಟೀ ತರಲಾ? ಕಾರಿಡಾರಿನ ಟೀ ಅಲ್ಲ, ನನ್ನ ಫ್ಲಾಸ್ಕಿನದು. ಹೊತ್ತಾಯ್ತು, ಮೂರೂವರೆ. ನೀವು ಸೂಟ್‌ಕೇಸ್ ಕಟ್ಕೊಳ್ಳೋದಿಲ್ವಾ? ಬೆಳಗ್ಗೆ ಏಳಕ್ಕೆ ಗಾಡಿ ಬರುತ್ತೆ ಅಂದ್ರಿ. ತಳ ನೋಡಬೇಡಿ, ತಳದಲ್ಲಿ ಬಟ್ಟೆ ಅಂಟಿಸಿದ್ದೀನಿ ಅಷ್ಟೇ, ಕಂಬಳಿ ತುಂಡು, ನೆಲ ಗೀಚದೇ ಇರಲಿ ಅಂತ. ಎತ್ತಬೇಡಿ, ಬೆನ್ನು ಹಿಡ್ಕೊಳ್ಳುತ್ತೆ, ಕೊಡಿ ಇಲ್ಲಿ ನಾನು... ಅದು ಗಟ್ಟಿ ಅಂಟು, ಬರಲ್ಲ. ಬರಲ್ಲ ಡಾಕ್ಟ್ರಮ್ಮ. ಉಗುರು ಹೋಗುತ್ತೆ ಮತ್ತೆ.

ಬಂತು.

ಬಾಗಿಲು ಮುಚ್ಕೊಂಡ್ತು ನೋಡಿ. ನಾನು ಹೇಳಿರಲಿಲ್ವಾ, ತೆಗೆದ್ರೆ ಮುಚ್ಕೊಳ್ಳುತ್ತೆ ಅಂತ.

ಏನು ನೋಡ್ತಾ ನಿಂತ್ರಿ? ಕನ್ನಡಕ ಇಲ್ಲದೇ ನನಗೇನೂ ಕಾಣಲ್ಲ... ಹೌದು. ನಿಮ್ಮದೇ ಕೈಬರಹ. ಒಂದರ ಪಕ್ಕ ನಾಲ್ಕು. ನಾಲ್ಕಕ್ಕೆ ಬಾಲ ಉದ್ದ ಎಳೀತೀರಿ ನೀವು.

ಮಾತಾಡಿ.

ಡಾಕ್ಟ್ರಮ್ಮ, ಏನಾದ್ರೂ ಒಂದು ಮಾತಾಡಿ. ಬೈಯಿರಿ.

ಸರಿ, ನಾನೇ ಹೇಳ್ತೀನಿ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರಲ್ಲ, ನಾನು ಒಂದು ಗಂಟೆಯಿಂದ ಹೆಗಲು ಮುಟ್ಕೊಳ್ತಾನೇ ಇದೀನಿ. ಹೋದ ವರ್ಷ ನಿಮ್ಮ ಕಲ್ಲುಗಳನ್ನೆಲ್ಲ ಪುಡಿ ಮಾಡಿ ಕೊನೇದು ಉಳಿದಿತ್ತು. ನೀವು ಊಟಕ್ಕೆ ಹೋಗಿದ್ರಿ. ಒಂದು ಕೈಯಲ್ಲಿ ಈ ಕಲ್ಲು, ಇನ್ನೊಂದು ಕೈಯಲ್ಲಿ ತೊಳೆದ ತಟ್ಟೆಗಳು, ಬಾಗಿಲ ಹತ್ರ ಬರ್ತೀನಿ, ಹಳೇ ಕಲ್ಲು ಜಾರಿ ಬಾಗಿಲು ಮುಚ್ಕೊಳ್ತಾ ಇದೆ. ನಿಮ್ಮ ಕಲ್ಲನ್ನೇ ಕೆಳಗಿಟ್ಟು ಬಾಗಿಲಿಗೆ ಒತ್ತು ಕೊಟ್ಟೆ. ಒಂದು ನಿಮಿಷಕ್ಕೆ ಅಂತ. ತಟ್ಟೆ ಮೇಜಿನ ಮೇಲಿಟ್ಟು ವಾಪಸ್ ಬಂದು ಬಗ್ಗಿದೆ. ಎರಡು ಕಲ್ಲು. ಎರಡೂ ಕಪ್ಪು, ಎರಡೂ ತೆಂಗಿನಕಾಯಿ ಗಾತ್ರ, ನಿಮ್ಮದು ತಳ ಮೇಲಾಗಿ ಬಿದ್ದಿತ್ತೋ ಏನೋ, ನನಗೆ ಬಿಳೀದು ಕಂಡಿದ್ದು ಇನ್ನೊಂದರ ಮೇಲೆ. ಬಿಳೀದು ಕಾಣ್ತು, ಎತ್ಕೊಂಡೆ. ಕನ್ನಡಕ ಮೊಳೆ ಮೇಲೆ. ಹದಿನಾಲ್ಕು ಅಂತ ನಾನೇ ಓದಿದೆ, ಹದಿನಾಲ್ಕು ಅಂತ ನಾನೇ ತಿರುಗಿ ಹೇಳಿದೆ. ಎರಡು ಟಿಕ್ ಹಾಕಿದೆ. ಬಣ್ಣದವನು ಎಳೆದ ಪಟ್ಟೆಯನ್ನ ಎಷ್ಟು ಶ್ರದ್ಧೆಯಿಂದ ಕೊಯ್ದು ಎಸೆದೆ ಗೊತ್ತಾ? ಒಂದು ಚೂರು ಬಣ್ಣ ಉಳಿಯೋಕೆ ಬಿಡಲಿಲ್ಲ.

ಹೂಂ. ನೀವು ಎಡವಿದ ಕಲ್ಲು ಅದು. ನಿಮ್ಮ ಉಗುರು ಕಿತ್ತ ಕಲ್ಲನ್ನೇ ನೀವು ಅಳೆದು, ಇದರಲ್ಲಿ ಕಡಲಿನ ಕೆಸರಿಲ್ಲ ಅಂತ ಆಶ್ಚರ್ಯಪಟ್ಟಿದ್ದು. ಎಲ್ಲಿಂದ ಇರುತ್ತೆ, ಅದು ಯಾವ ಕಾಲದಲ್ಲಿ ಕಡಲು ಕಂಡಿತ್ತು. ನಿಜವಾದ ಹದಿನಾಲ್ಕು ಇಲ್ಲೇ ಬಾಗಿಲು ಹಿಡ್ಕೊಂಡು ನಿಂತಿತ್ತು. ಕೈಯಲ್ಲಿ ಬೆಣ್ಣೆ ಇಟ್ಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗೆ, ನೀವು ದಿನಾ ಇದನ್ನ ದಾಟ್ಕೊಂಡೇ ಒಳಗೆ ಬಂದು, ಹದಿನಾಲ್ಕರಲ್ಲಿ ಯಾಕೆ ಹೀಗೆ ಪುಡಿ ಮಾಮ ಅಂತ ನನ್ನನ್ನ ಕೇಳ್ತಿದ್ರಿ.

ನನಗೆ ಗೊತ್ತಾಗಿದ್ದು ಈಗ, ಹೋದ ವಾರ, ಕೋಣೆ ಖಾಲಿ ಮಾಡ್ತಾ...

ಯಾಕೆ ಆ ಬಟ್ಟೆ ನನ್ನ ಮುಂದೆ ಹಿಡೀತೀರಿ?

...ಸವೆದಿದೆ. ಹೌದು. ನಡುವೆ ತೂತು ಬಿದ್ದಿದೆ. ಒಂದು ವಾರಕ್ಕೆ ಕಂಬಳಿ ಅಷ್ಟು ಸವೆಯಲ್ಲ.

ಎಂಟು ತಿಂಗಳು.

ಹೊಸ ಕನ್ನಡಕ ಬಂದ ದಿನ. ಎಲ್ಲಾ ಕಾಣುತ್ತೆ ಅನ್ನೋ ಖುಷಿಗೆ ಮೂಲೆ ಮೂಲೆ ಗುಡಿಸ್ತಿದ್ದೆ. ಇದನ್ನ ಎತ್ತಿದೆ, ತಿರುಗಿಸಿದೆ, ನಿನ್ನ ಉದ್ದ ಬಾಲದ ನಾಲ್ಕು. ಅಷ್ಟರಲ್ಲಿ ಕಾರಿಡಾರಿನಲ್ಲಿ ಓಡ್ತಾ ಬಂದೆಯಲ್ಲ ನೀನು, 'ಪುಡಿ ಮಾಮ, ಹಡಗು ಕೊಟ್ರು, ಹಡಗು ಕೊಟ್ರು' ಅಂತ. ಎರಡೂ ಕೈಯಲ್ಲಿ ನನ್ನ ತೋಳು ಹಿಡ್ಕೊಂಡು ಕುಣಿದೆ. ನನ್ನ ಕೈಯಲ್ಲಿ ಈ ಕಲ್ಲು ಇತ್ತು. ನೀನು ನೋಡಲೇ ಇಲ್ಲ. ನಾನು ನಿಧಾನಕ್ಕೆ ಬಗ್ಗಿ, ನಂಬರ್ ಕೆಳಗೆ ಮಾಡಿ, ಬಾಗಿಲಿಗೆ ಕೊಟ್ಟೆ. ಸಂಜೆ ಕಂಬಳಿ ಅಂಟಿಸಿದೆ. ಮಾರನೇ ದಿನ ಪಾಲಿಶ್ ಡಬ್ಬಿ ತಂದೆ. ತಿಂಗಳಿಗೊಂದು ಡಬ್ಬಿ ಖಾಲಿ, ನಮ್ಮ ಮನೆಯವಳು ಕೇಳ್ತಾಳೆ, ಇದೇನ್ರೀ, ಈ ವಯಸ್ಸಿನಲ್ಲಿ ಬೂಟಿಗೆ ಇಷ್ಟೊಂದು ಶೋಕಿ ಅಂತ.

ನಿನ್ನ ಸಂತೋಷ ಕೆಡಿಸೋದು ಬೇಡ ಅಂತ ಸುಮ್ಮನಿದ್ದೆ... ಅಂತ ಹೇಳೋಣ ಅಂತಿದ್ದೆ. ಎಂಟು ತಿಂಗಳಿಂದ ನನಗೆ ನಾನೇ ಅದನ್ನ ಹೇಳ್ಕೊಂಡಿದ್ದು. ಹಾಗೆ ನೋಡಬೇಡ, ಗೊತ್ತು, ಅದು ಅರ್ಧ. ಇನ್ನರ್ಧ ನಿನ್ನ ಕೈಯಲ್ಲಿರೋ ಆ ಕಾಗದ. ಮೂವತ್ತೆರಡು ವರ್ಷ, ಒಂದೇ ಒಂದು ತಪ್ಪಿಲ್ಲ. ನಾಲ್ಕು ಗಂಟೆಗೆ ಅದನ್ನ ಎಲ್ಲರ ಮುಂದೆ ಕೇಳಿಸ್ಕೊಂಡು, ಕಲ್ಲನ್ನ ಚೀಲಕ್ಕೆ ಹಾಕ್ಕೊಂಡು ಮನೆಗೆ ಹೋಗಿಬಿಡೋಣ ಅಂತಿದ್ದೆ. ಹಡಗಿನಲ್ಲಿ ನಲವತ್ತು ಜನ ಎರಡು ತಿಂಗಳು ಇಲ್ಲದ ಗುಡ್ಡೆ ಹುಡುಕ್ತಾರೆ, ಸಿಗದೇ ಹೋದ್ರೆ ಬೆರಳು ನಿನ್ನ ಕಡೆ ತೋರಿಸ್ತಾರೆ, ನಾನು ಮನೆಯಲ್ಲಿ ಟೀ ಕುಡೀತಾ ಕೂತಿರ್ತೀನಿ. ಹಾಗೆ ಲೆಕ್ಕ ಹಾಕಿದ್ದೆ. ಉಗುರು ಹೋದ ಹುಡುಗಿಗೆ ಕಾಲು ತೊಳೆದವನು ಹಾಗೆ ಲೆಕ್ಕ ಹಾಕಿದ್ದೆ ನೋಡು. ನಾಚಿಕೆ ಆಗುತ್ತೆ ನನಗೆ.

ಬೈದುಬಿಡು. ಮಾತು ಬೆಳ್ಳಿ ಮೌನ ಬಂಗಾರ ಅಂತಾರೆ, ಈ ಬಂಗಾರ ನನಗೆ ಬೇಡ.

ಏನು ಮಾಡ್ತಿ? ...ಆ ಕಾಗದಕ್ಕೇ ಕೈ ಒರೆಸಿಬಿಟ್ಟೆಯಾ? ಒರೆಸು, ಚೆನ್ನಾಗಿ ಒರೆಸು. ಇವತ್ತು ಅದರಿಂದ ಆದ ಒಳ್ಳೇ ಉಪಯೋಗ ಅದೊಂದೇ.

ಎಲ್ಲಿಗೆ? ಡೈರೆಕ್ಟರ ಹತ್ರ ಹೋಗ್ತೀಯಾ? ಹೋಗು. ನಾನೂ ಬರ್ತೀನಿ, ನನ್ನ ಬಾಯಲ್ಲೇ ಹೇಳ್ತೀನಿ. ಹಡಗಿನವರಿಗೆ ಫೋನ್ ಮಾಡಬೇಕು ಅಂದ್ರೂ ಮಾಡು... ಇಲ್ವಾ? ಗಾಗಲ್ಸ್ ಯಾಕೆ ತೆಗೆದೆ? ...ಓ.

ಹೌದಲ್ಲ. ಇದು ಇದೆಯಲ್ಲ. ಕಳೆದು ಹೋಗಿಲ್ಲ, ಪುಡಿ ಆಗಿಲ್ಲ, ಪೂರ್ತಿ ಕಲ್ಲು ಹಾಗೇ ಇದೆ. ಪಾಲಿಶ್ ಮೇಲಿನ ಸಿಪ್ಪೆಗೆ ಮಾತ್ರ. ಒಂದು ಬೆರಳು ದಪ್ಪ ಸುತ್ತಲೂ ಕೊಯ್ದರೆ ಒಳಗೆ ನೀನು ಎದೆಗೆ ಅವುಚಿಕೊಂಡು ಬಂದ ದಿನ ಹೇಗಿತ್ತೋ ಹಾಗೇ ಇರುತ್ತೆ. ಕೊಯ್ಯೋಕೆ ಅರ್ಧ ಗಂಟೆ, ಪುಡಿಗೆ ಅರ್ಧ ಗಂಟೆ. ಬೆರಿಲಿಯಂ ಇವತ್ತು ಆಗಲ್ಲ, ಬೇರಿಯಂ ಆಗುತ್ತೆ, ಮಹಡಿ ಮೇಲಿನ ಎಕ್ಸ್‌ರೇ ಯಂತ್ರ ಸಂಜೆ ಏಳರೊಳಗೆ ಹೇಳಿಬಿಡುತ್ತೆ. ಕೆಸರು ಇದೆ ಅಂದ್ರೆ ಹಡಗು ನಿಲ್ಲಿಸು, ತಪ್ಪು ಯಾರದು ಅಂತ ನನ್ನ ಹೆಸರು ಬರಿ. ಇಲ್ಲ ಅಂದ್ರೆ... ಇಲ್ಲದೇನೂ ಇರಬಹುದಲ್ವಾ? ತಪ್ಪು ಕಲ್ಲಿನಿಂದ ಸರಿ ಮಾತು ಬಂದಿರಬಹುದು. ನನಗೇನು ಗೊತ್ತು, ನಾನು ಪುಡಿ ಮಾಡೋನು.

ನಾಲ್ಕು ಗಂಟೆಗೆ ಅವರು ಟೀ ಕುಡ್ಕೊಳ್ಳಲಿ ಬಿಡು. ಕಾಯ್ತಾರೆ, ಆಮೇಲೆ ಹುಡುಕ್ಕೊಂಡು ಬರ್ತಾರೆ, ಬಂದಾಗ ಹೇಳ್ತೀನಿ.

ಸುತ್ತಿಗೆ ನನ್ನ ಕಡೆ ಯಾಕೆ ಚಾಚ್ತಿ? ನಾನಾ? ನನ್ನ ಕೈಗಾ?

...ಇರು. ಮೊದಲು ಕನ್ನಡಕ ತರ್ತೀನಿ. ಗಾಗಲ್ಸ್ ಕೂರದಿದ್ರೆ ಬೇಡ, ಧೂಳು ಕಣ್ಣಿಗೆ ಬಿದ್ರೆ ಬೀಳಲಿ.

ಹ್ಞಾಂ, ಬಂದೆ. ಮಶೀನಿಗೆ ಮರಳು ಹಾಕಿ ಬಾಯಿ ಮುಕ್ಕಳಿಸಿದ್ದೀನಿ, ಬೆಳಗ್ಗೆನೇ. ರಿಜಿಸ್ಟರ್ ಇಲ್ಲಿದೆ, ಪೆನ್ನು ನಿನ್ನ ಹತ್ರ ಇರಲಿ, ನಿನ್ನ ಟಿಕ್ ನೀನೇ ಹಾಕು. ಕಲ್ಲನ್ನ ಬೆಳಕಿಗೆ ಹಿಡಿ. ಇನ್ನೂ ಸ್ವಲ್ಪ. ಸಾಕು. ಬಿಳಿ ಚುಕ್ಕೆ, ಕಪ್ಪು ಶಾಯಿ. ನಾನು ಓದ್ತೀನಿ, ನೀನು ತಿರುಗಿ ಹೇಳು.

ಹದಿನಾಲ್ಕು.

...

ಹದಿನಾಲ್ಕು.

...

ನೀನು ಹೇಳೋವರೆಗೂ ನಾನು ಮಶೀನ್ ಹಾಕಲ್ಲ ತಾಯಿ. ಇಲ್ಲೇ ಕೂತಿರ್ತೀನಿ.